ಅಪ್ಪನ ಓಟು, ಮಗಳ ಓಟು

2024ರ ಏಪ್ರಿಲ್ 25, ಗುರುವಾರ. ಮಾರನೆಯ ದಿನ ನಮ್ಮ ಕಡೆ ಲೋಕಸಭೆಗೆ ಮತದಾನ. ಮಧ್ಯಾಹ್ನದ ಮೇಲೆ ಬೆಂಗಳೂರು ಬಿಡುವ ಶಿವಮೊಗ್ಗದ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಯುಗಾದಿಗೂ ಗೌರಿ ಹಬ್ಬಕ್ಕೂ ಹೀಗಿರುವುದುಂಟು. ಆದರೆ ಯುಗಾದಿ ಕಳೆದು ಆಗಲೇ ಎರಡು ವಾರವಾಗಿತ್ತು. ಬಾಗಿಲ ಬಳಿ, ನಡುದಾರಿಯಲ್ಲಿ, ಸಾಮಾನಿಡುವ ಹಲಗೆಯ ಮೇಲೆ, ಎಲ್ಲಿ ನೋಡಿದರೂ ಬೆನ್ನಿಗೆ ಬ್ಯಾಗು ಹಾಕಿಕೊಂಡ ಹುಡುಗ ಹುಡುಗಿಯರು.

"ಎಲ್ಲಿಗಪ್ಪಾ ಇಷ್ಟೊಂದು ಜನ?" ಎಂದು ಪಕ್ಕದ ಸೀಟಿನ ಹಿರಿಯರೊಬ್ಬರು ಕೇಳಿದರು.

"ಓಟಿಗೆ ಸಾರ್" ಎಂಬ ಉತ್ತರ ನಾಲ್ಕು ಕಡೆಯಿಂದ ಬಂತು.

"ಓಟಿಗೋ, ಮೂರು ದಿನ ರಜ ಸಿಕ್ತು ಅಂತಲೋ?" ಎಂದು ಅವರು ಬಿಡಲಿಲ್ಲ. ಹುಡುಗರು ನಕ್ಕರು. ಶುಕ್ರವಾರ ಮತದಾನ, ಅದರ ಹಿಂದೆಯೇ ಶನಿವಾರ, ಭಾನುವಾರ. ಎರಡೂ ನಿಜವಿರಬೇಕು.

ನನ್ನೆದುರಿಗೆ ಮೂವರು ಕುಳಿತಿದ್ದರು. ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಮೂವರೂ ಬೆಂಗಳೂರಿನ ಒಂದೇ ಕಾಲೇಜಿನಲ್ಲಿ ಬಿ.ಕಾಂ. ಓದುವವರು, ಮೂವರದೂ ಮೊದಲ ಓಟು. ಒಬ್ಬ ಕಡೂರಿನವನು, ಇನ್ನೊಬ್ಬ ತರೀಕೆರೆಯವನು, ಹುಡುಗಿ ಅಜ್ಜಂಪುರದ ಹತ್ತಿರದ ಒಂದು ಹಳ್ಳಿಯವಳು. ತರೀಕೆರೆಯ ಹೆಸರು ಕೇಳಿದೊಡನೆ ಕನ್ನಡದ ಮಕ್ಕಳಿಗೆಲ್ಲ ನಾಲಗೆ ತೊಡರಿಸುವ ಆ ಕೆರೆ ಏರಿಯ ಮೂರು ಕುರಿಮರಿಗಳು ನೆನಪಾಗುತ್ತವಲ್ಲ, "ಆ ಮೂರೂ ನೀವೇ ಏನು?" ಎಂದು ತಮಾಷೆ ಮಾಡಿದೆ. ಮಾತು ಬೆಳೆಯಿತು.

ತಿಪಟೂರು ದಾಟುವ ಹೊತ್ತಿಗೆ ಅವರಲ್ಲೇ ಒಂದು ಚರ್ಚೆ ಹತ್ತಿಕೊಂಡಿತ್ತು. ಕಡೂರಿನ ಹುಡುಗ ಹಾಸನದ ಅಭ್ಯರ್ಥಿಗಳ ವಿಷಯ ಹೇಳುತ್ತಿದ್ದಾನೆ. ತರೀಕೆರೆಯವನು ಉಡುಪಿಯ ಅಭ್ಯರ್ಥಿಗಳ ಮಾತಾಡುತ್ತಿದ್ದಾನೆ. ಒಂದೇ ಜಿಲ್ಲೆ, ಒಂದೇ ರೈಲು ದಾರಿ, ನಡುವೆ ಒಂದು ಗಂಟೆಯ ಪ್ರಯಾಣವೂ ಇಲ್ಲ. ಆದರೂ 2008ರ ಕ್ಷೇತ್ರ ಮರುವಿಂಗಡಣೆಯ ನಂತರ ಕಡೂರು ಹಾಸನ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ತರೀಕೆರೆ ಮತ್ತು ಅಜ್ಜಂಪುರ ಉಡುಪಿ ಚಿಕ್ಕಮಗಳೂರು ಕ್ಷೇತ್ರದಲ್ಲಿವೆ. ನಾನಿರುವ ಬೀರೂರಿಗೆ ಹಿಂದೆ ತನ್ನದೇ ಹೆಸರಿನ ವಿಧಾನಸಭಾ ಕ್ಷೇತ್ರವಿತ್ತು. ಅದೂ ಆಗಲೇ ಹೋಯಿತು, ನಾವು ಕಡೂರಿನ ಪಾಲಾದೆವು. ಒಂದು ಕಾಲಕ್ಕೆ ಇಡೀ ಜಿಲ್ಲೆಯನ್ನೇ ಕಡೂರು ಜಿಲ್ಲೆ ಎಂದು ಕರೆಯುತ್ತಿದ್ದರು ಎಂದು ನಾನು ಹೇಳಿದಾಗ ಆ ಹುಡುಗನಿಗೆ ಬಹಳ ಖುಷಿಯಾಯಿತು.

ಅಷ್ಟು ಹೊತ್ತೂ ಸುಮ್ಮನಿದ್ದ ಹುಡುಗಿ ಆಗ ಕೇಳಿದಳು: "ಸಾರ್, ನಮ್ಮಪ್ಪ ಫೋನ್ ಮಾಡಿ, ಬಾ, ಇಂಥವರಿಗೇ ಹಾಕ್ಬೇಕು ಅಂತ ಹೇಳಿದಾರೆ. ಅವರು ಹೇಳಿದ್ದಕ್ಕೇ ಹಾಕೋದಾದ್ರೆ ನಾನು ಇನ್ನೂರು ಕಿಲೋಮೀಟರ್ ಯಾಕೆ ಬರ್ಬೇಕು? ಅಪ್ಪನೇ ಎರಡು ಸಲ ಒತ್ತಬಹುದಲ್ಲ?"

ಹುಡುಗರು ಜೋರಾಗಿ ನಕ್ಕರು. ಅವಳು ನಗಲಿಲ್ಲ.

ಬೀರೂರಿನಲ್ಲಿ ಅವಳೂ ನಾನೂ ಇಳಿದೆವು. ಅವಳಪ್ಪ ಟಿವಿಎಸ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಮಗಳ ಬ್ಯಾಗು ತೆಗೆದುಕೊಳ್ಳುತ್ತ ನನ್ನ ಕಡೆ ತಿರುಗಿ ಸಂತೋಷದಿಂದ ಹೇಳಿದರು: "ಮಗಳು ಓಟಿಗೆ ಬಂದ್ಲು ಸಾರ್. ಈಗ ನಮ್ಮನೇದು ಐದು ಓಟು."

'ನಮ್ಮನೇದು ಐದು ಓಟು.' ಆ ಮಾತು, ಮತ್ತು ರೈಲಿನಲ್ಲಿ ಆ ಹುಡುಗಿ ಕೇಳಿದ ಪ್ರಶ್ನೆ, ಎರಡೂ ಇನ್ನೂ ನನ್ನ ಕಿವಿಯಲ್ಲಿವೆ. ಅಂದು ಅವಳಿಗೆ ಸರಿಯಾದ ಉತ್ತರ ಕೊಡಲಾಗಲಿಲ್ಲ. ಪ್ರತಿವರ್ಷ ನಮ್ಮ ಊರುಗಳಲ್ಲಿ ಸಾವಿರಾರು ಮಕ್ಕಳು 18 ತುಂಬಿ ಅದೇ ಪ್ರಶ್ನೆಯ ಮುಂದೆ ನಿಲ್ಲುತ್ತಾರೆ. ಅವರಿಗೂ ಅವರ ತಂದೆತಾಯಿಯರಿಗೂ ಒಟ್ಟಿಗೇ ಹೇಳಬೇಕಾದ ಕೆಲವು ಸಂಗತಿಗಳಿವೆ.

ಇದು ಯಾರ ಊರು?

ಸಣ್ಣ ಊರುಗಳ ಬಗ್ಗೆ ಒಂದು ನಂಬಿಕೆಯಿದೆ. 'ಆ ಊರು ಆ ಪಕ್ಷದ್ದು, ಅದು ಬದಲಾಗೋದಿಲ್ಲ' ಎನ್ನುತ್ತಾರೆ. ನಮ್ಮ ಕಡೆಯ ಲೆಕ್ಕ ತೆಗೆದು ನೋಡಿ. ಕಡೂರಿನಲ್ಲಿ 2008ರಲ್ಲಿ ಗೆದ್ದದ್ದು ಕಾಂಗ್ರೆಸ್. ಶಾಸಕರು ತೀರಿಕೊಂಡಾಗ 2010ರ ಉಪಚುನಾವಣೆಯಲ್ಲಿ ಬಿಜೆಪಿ. 2013ರಲ್ಲಿ ಜನತಾದಳ (ಜಾತ್ಯತೀತ). 2018ರಲ್ಲಿ ಮತ್ತೆ ಬಿಜೆಪಿ. 2023ರಲ್ಲಿ ಮತ್ತೆ ಕಾಂಗ್ರೆಸ್. ಹದಿನೈದು ವರ್ಷಗಳಲ್ಲಿ ಐದು ಚುನಾವಣೆ, ಮೂರು ಪಕ್ಷ. ಯಾವ ಪಕ್ಷವೂ ಎರಡು ಸಲ ಬೆನ್ನುಬೆನ್ನಿಗೆ ಗೆದ್ದಿಲ್ಲ. ತರೀಕೆರೆಯದಂತೂ ಗಡಿಯಾರದ ಲೋಲಕದ ಹಾಗೆ: 2008ರಲ್ಲಿ ಬಿಜೆಪಿ, 2013ರಲ್ಲಿ ಕಾಂಗ್ರೆಸ್, 2018ರಲ್ಲಿ ಬಿಜೆಪಿ, 2023ರಲ್ಲಿ ಕಾಂಗ್ರೆಸ್. ಇಡೀ ಚಿಕ್ಕಮಗಳೂರು ಜಿಲ್ಲೆಯನ್ನೇ ತೆಗೆದುಕೊಂಡರೆ, 2018ರಲ್ಲಿ ಐದು ಕ್ಷೇತ್ರಗಳಲ್ಲಿ ನಾಲ್ಕು ಬಿಜೆಪಿಗೆ ಹೋಗಿದ್ದವು. 2023ರಲ್ಲಿ ಐದಕ್ಕೆ ಐದೂ ಕಾಂಗ್ರೆಸ್ಸಿಗೆ ಬಂದವು. ಅದೇ ಜಿಲ್ಲೆಯ ಜನ ಸೇರಿದ ಲೋಕಸಭಾ ಕ್ಷೇತ್ರ ಉಡುಪಿ ಚಿಕ್ಕಮಗಳೂರು ಮರುವರ್ಷವೇ, ಅಂದರೆ 2024ರಲ್ಲಿ, ಬಿಜೆಪಿಗೆ ಒಲಿಯಿತು; ಕಡೂರು ಸೇರಿದ ಹಾಸನ ಕಾಂಗ್ರೆಸ್ಸಿಗೆ ಒಲಿಯಿತು.

ಹಾಗಾದರೆ ಇದು ಯಾರ ಊರು? ಯಾರದೂ ಅಲ್ಲ ಎನ್ನುವುದೇ ಸರಿ.

ಇದು ಹೊಸದೂ ಅಲ್ಲ. 1978ರ ನವೆಂಬರಿನಲ್ಲಿ ನಮ್ಮ ಚಿಕ್ಕಮಗಳೂರಿನ ಲೋಕಸಭಾ ಉಪಚುನಾವಣೆಯನ್ನು ಇಡೀ ದೇಶವೇ ಕಣ್ಣರಳಿಸಿ ನೋಡಿತು. 1977ರಲ್ಲಿ ರಾಯಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿಯವರಿಗಾಗಿ ಡಿ.ಬಿ. ಚಂದ್ರೇಗೌಡರು ತಮ್ಮ ಸ್ಥಾನ ಬಿಟ್ಟುಕೊಟ್ಟರು. ಎದುರಿಗೆ ನಿಂತವರು ಜನತಾ ಪಕ್ಷದ ವೀರೇಂದ್ರ ಪಾಟೀಲರು. ಇಂದಿರಾ ಗಾಂಧಿ 77,333 ಮತಗಳಿಂದ ಗೆದ್ದರು. ಮುಂದೆ ಏನಾಯಿತು ನೋಡಿ. ಅಂದು ಅವರನ್ನು ಎದುರಿಸಿದ ವೀರೇಂದ್ರ ಪಾಟೀಲರು 1989ರಲ್ಲಿ ಕಾಂಗ್ರೆಸ್ಸಿನಿಂದಲೇ ಮುಖ್ಯಮಂತ್ರಿಯಾದರು. ಅಂದು ಅವರಿಗಾಗಿ ಸ್ಥಾನ ಬಿಟ್ಟ ಚಂದ್ರೇಗೌಡರು 2009ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರದ ಸಂಸದರಾದರು. ಇತ್ತೀಚಿನದೂ ಇದೆ. ಕಡೂರಿನಲ್ಲಿ 2013ರಲ್ಲಿ ಜನತಾದಳದಿಂದ ಗೆದ್ದಿದ್ದ ವೈ.ಎಸ್.ವಿ. ದತ್ತ ಅವರು 2023ರ ಚುನಾವಣೆಗೆ ಮುನ್ನ ಕಾಂಗ್ರೆಸ್ ಸೇರಿ, ಟಿಕೆಟ್ ಸಿಗದೆ, ಕೆಲವೇ ತಿಂಗಳಲ್ಲಿ ಮತ್ತೆ ಜನತಾದಳದಿಂದ ಕಣಕ್ಕಿಳಿದರು.

ಇದನ್ನು ಯಾರನ್ನೂ ದೂರಲು ಹೇಳುತ್ತಿಲ್ಲ. ನಾಯಕರಿಗೆ ಮನಸ್ಸು ಬದಲಿಸಲು ಹಕ್ಕಿದೆ. ಆ ಹಕ್ಕು ಮತದಾರನಿಗೂ ಇದೆ ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ. 'ನಮ್ಮ ಮನೆ ಮೊದಲಿನಿಂದಲೂ ಆ ಪಕ್ಷ' ಎಂದು ಹೆಮ್ಮೆಯಿಂದ ಹೇಳುವ ಅಪ್ಪಂದಿರು, ಆ ಪಕ್ಷದಲ್ಲಿ ಮೊದಲಿನಿಂದಲೂ ಯಾರಿದ್ದಾರೆ ಎಂದು ಒಮ್ಮೆ ಎಣಿಸಿ ನೋಡಬಹುದು.

ಒಲವು ಬೇರೆ, ಗೆಲುವು ಬೇರೆ

ವಿದ್ಯಾರ್ಥಿಗಳೇ, ಈಗ ಒಂದು ಸಣ್ಣ ಲೆಕ್ಕ. ಸಾವಿರ ಮತದಾರರಿರುವ ಒಂದು ಊರಿದೆ ಎನ್ನಿ. ಅಲ್ಲಿ ಮಾವಿನಕಾಯಿ ಪಕ್ಷ, ಹಲಸಿನಕಾಯಿ ಪಕ್ಷ ಎಂದು ಎರಡೇ ಪಕ್ಷ. 550 ಜನ ಮಾವಿನಕಾಯಿಯ ಕಡೆ, 450 ಜನ ಹಲಸಿನಕಾಯಿಯ ಕಡೆ. ಊರಿನ ಒಲವು ಯಾವ ಕಡೆಗೆ? ಮಾವಿನಕಾಯಿಗೆ ಎಂದು ಯಾರಾದರೂ ಹೇಳುತ್ತಾರೆ. ಆದರೆ ಮತದಾನದ ದಿನ ಮಾವಿನಕಾಯಿಯವರು 'ನಾವು ಹೇಗೂ ಗೆಲ್ಲುತ್ತೇವೆ' ಎಂದು ಉದಾಸೀನ ಮಾಡಿ ನೂರಕ್ಕೆ 70 ಜನ ಮಾತ್ರ ಬಂದರು. ಹಲಸಿನಕಾಯಿಯವರು ನೂರಕ್ಕೆ 90 ಜನ ಬಂದರು. ಎಣಿಸಿ. ಮಾವಿನಕಾಯಿಗೆ 385, ಹಲಸಿನಕಾಯಿಗೆ 405. ಗೆದ್ದದ್ದು ಹಲಸಿನಕಾಯಿ. ಊರಿನ ಒಲವು ಒಂದು ಕಡೆ, ಊರಿನ ಶಾಸಕ ಇನ್ನೊಂದು ಕಡೆ!

ಮನೆಯಲ್ಲಿ ಉಳಿದವನ ಮನಸ್ಸಿನಲ್ಲಿ ಏನಿತ್ತು ಎಂದು ಯಾರೂ ಎಣಿಸುವುದಿಲ್ಲ. ಮತಗಟ್ಟೆಗೆ ಬಂದವರೇ ಬಾರದವರ ಪರವಾಗಿಯೂ ತೀರ್ಮಾನ ಮಾಡಿಬಿಡುತ್ತಾರೆ.

ಇನ್ನೊಂದು ನಿಜವಾದ ಲೆಕ್ಕ. 2018ರಲ್ಲಿ ಕರ್ನಾಟಕದಲ್ಲಿ ಬಿಜೆಪಿಗೆ ಬಿದ್ದ ಮತ ನೂರಕ್ಕೆ ಸುಮಾರು 36. ಗೆದ್ದ ಸ್ಥಾನ 104. 2023ರಲ್ಲೂ ಆ ಪಕ್ಷಕ್ಕೆ ಬಿದ್ದ ಮತ ನೂರಕ್ಕೆ ಸುಮಾರು 36ರಷ್ಟೇ. ಗೆದ್ದ ಸ್ಥಾನ ಮಾತ್ರ 66. ಅದೇ ಎರಡು ಚುನಾವಣೆಗಳ ನಡುವೆ ಕಾಂಗ್ರೆಸ್ಸಿನ ಮತ ನೂರಕ್ಕೆ 38ರಿಂದ ಸುಮಾರು 43ಕ್ಕೆ ಏರಿತು. ಜನತಾದಳದ್ದು 18ರಿಂದ 13ಕ್ಕೆ ಇಳಿಯಿತು. ನೂರರಲ್ಲಿ ಐದು ಮತ ಅತ್ತಿತ್ತ ಆದದ್ದಕ್ಕೆ ಸರ್ಕಾರವೇ ಬದಲಾಯಿತು. 'ಇಡೀ ರಾಜ್ಯವೇ ತಿರುಗಿಬಿತ್ತು' ಎಂದು ನಾವು ಮಾತಾಡಿಕೊಳ್ಳುತ್ತೇವೆ. ನಿಜವಾಗಿ ನೂರರಲ್ಲಿ ತೊಂಬತ್ತೈದರಷ್ಟು ಮತ ಇದ್ದಲ್ಲೇ ಇದ್ದಂತಿದೆ.

ಒಂದು ಓಟಿನಿಂದ ಏನಾಗುತ್ತದೆ ಎನ್ನುವವರಿಗೆ ನಮ್ಮ ರಾಜ್ಯದಲ್ಲೇ ಉತ್ತರವಿದೆ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿಯಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜನತಾದಳದ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತ. ಅಂತರ ಒಂದು. ಕೃಷ್ಣಮೂರ್ತಿ ಅವರು 2023ರಲ್ಲಿ ಕೊಳ್ಳೇಗಾಲದಿಂದ ದೊಡ್ಡ ಅಂತರದಲ್ಲಿ ಗೆದ್ದು ವಿಧಾನಸಭೆಗೆ ಬರುವ ಹೊತ್ತಿಗೆ ಹತ್ತೊಂಬತ್ತು ವರ್ಷ ಕಳೆದಿತ್ತು. ಅದೇ 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ 16 ಮತಗಳ ಅಂತರದಲ್ಲಿ ತೀರ್ಮಾನವಾಯಿತು. ಹದಿನಾರು ಜನ ಎಂದರೆ ಎಷ್ಟು? ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಅರ್ಧ ಸಾಲೂ ಅಲ್ಲ.

ಹಾಜರಿ ಪುಸ್ತಕದ ಕಥೆ

2024ರ ಲೋಕಸಭಾ ಚುನಾವಣೆಯಲ್ಲಿ ಹಾಸನ ಕ್ಷೇತ್ರದಲ್ಲಿಯೂ ಉಡುಪಿ ಚಿಕ್ಕಮಗಳೂರು ಕ್ಷೇತ್ರದಲ್ಲಿಯೂ ನೂರಕ್ಕೆ 77ಕ್ಕಿಂತ ಹೆಚ್ಚು ಮತದಾನವಾಯಿತು. ರಾಜ್ಯದ ಸರಾಸರಿ 70ರ ಮೇಲೆ. ಬೆಂಗಳೂರು ದಕ್ಷಿಣದಲ್ಲಿ ಮಾತ್ರ 53ರ ಆಸುಪಾಸು. 'ಓದಿದವರು ಓಟು ಹಾಕುವುದಿಲ್ಲ, ಹಳ್ಳಿಯವರೇ ವಾಸಿ' ಎಂದು ಪ್ರತಿ ಚುನಾವಣೆಯ ನಂತರ ಕೇಳುವ ಮಾತು ಇಂಥ ಅಂಕಿಗಳಿಂದಲೇ ಹುಟ್ಟುವುದು.

ಮಾತಿನಲ್ಲಿ ಹುರುಳಿದೆ. ಆದರೆ ಅಂಕಿಯನ್ನು ಓದುವುದಕ್ಕೂ ಒಂದು ಕ್ರಮವಿದೆ. ನಾನು ಮೇಷ್ಟ್ರಾಗಿದ್ದವನು, ಹಾಜರಿ ಪುಸ್ತಕದ ಉದಾಹರಣೆಯನ್ನೇ ಕೊಡುತ್ತೇನೆ. ತರಗತಿಯ ಹಾಜರಿಯಲ್ಲಿ 60 ಹೆಸರಿವೆ. ಅವರಲ್ಲಿ 12 ಮಕ್ಕಳು ಟಿ.ಸಿ. ತೆಗೆದುಕೊಂಡು ಬೇರೆ ಶಾಲೆಗೆ ಹೋಗಿದ್ದಾರೆ, ಮೇಷ್ಟ್ರು ಹೆಸರು ಹೊಡೆದುಹಾಕಿಲ್ಲ. ಇಂದು 45 ಮಕ್ಕಳು ಬಂದಿದ್ದಾರೆ. ಪುಸ್ತಕದ ಪ್ರಕಾರ ಹಾಜರಿ ನೂರಕ್ಕೆ 75. ನಿಜವಾಗಿ ಇರುವ 48 ಮಕ್ಕಳಲ್ಲಿ 45 ಎಂದರೆ ನೂರಕ್ಕೆ ಸುಮಾರು 94! ಮಕ್ಕಳು ಚಕ್ಕರ್ ಹೊಡೆದಿಲ್ಲ, ಪುಸ್ತಕ ತಪ್ಪಿದೆ.

ಮತದಾರರ ಪಟ್ಟಿಯೂ ಹಾಗೆಯೇ. ಮತದಾನದ ಪ್ರಮಾಣ ಎಂದರೆ ಪಟ್ಟಿಯಲ್ಲಿರುವ ಹೆಸರುಗಳಲ್ಲಿ ಎಷ್ಟು ಜನ ಬಂದರು ಎಂಬ ಲೆಕ್ಕ. ತೀರಿಕೊಂಡವರ ಹೆಸರು, ಮನೆ ಬದಲಿಸಿದವರ ಹೆಸರು, ಊರಿನಲ್ಲೂ ಬೆಂಗಳೂರಿನಲ್ಲೂ ಎರಡು ಕಡೆ ಇರುವ ಹೆಸರು, ಇವೆಲ್ಲ ಪಟ್ಟಿಯಲ್ಲೇ ಉಳಿದರೆ ಅಂಕಿ ಇಳಿಯುತ್ತದೆ. ವರ್ಷಕ್ಕೊಂದು ಬಾಡಿಗೆ ಮನೆ ಹಿಡಿಯುವವರಿರುವ ಬೆಂಗಳೂರಿನಲ್ಲಿ ಇದು ಹೆಚ್ಚು. ಕಡೂರಿನ ಒಬ್ಬ ಹುಡುಗ ಎರಡು ಕಡೆ ಹೆಸರಿಟ್ಟುಕೊಂಡು ಊರಿಗೆ ಬಂದು ಓಟು ಹಾಕಿದರೆ, ಬೆಂಗಳೂರಿನ ಲೆಕ್ಕದಲ್ಲಿ ಅವನು ಗೈರುಹಾಜರು. ಬೆಂಗಳೂರಿನ ಸೋಮಾರಿತನದಲ್ಲಿ ಒಂದು ಪಾಲು ನಮ್ಮ ಊರಿನ ಮಕ್ಕಳದೂ ಇದ್ದೀತು!

ನಮ್ಮ ಊರುಗಳ ದೊಡ್ಡ ಅಂಕಿಯೂ ಬರೀ ಪುಣ್ಯದ ಫಲವಲ್ಲ. ಇಲ್ಲಿ ಮತಗಟ್ಟೆ ಎಂದರೆ ನಾವು ಅಕ್ಷರ ಕಲಿತ ಶಾಲೆ, ನಡೆದೇ ಹೋಗಬಹುದು. ಮತಗಟ್ಟೆಯ ಹೊರಗೆ ಕುಳಿತ ಹುಡುಗ ನಮ್ಮ ಚಿಕ್ಕಪ್ಪನ ಮಗನೇ ಆಗಿರುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಯಾರು ಬಂದರು, ಯಾರು ಬರಲಿಲ್ಲ ಎಂಬುದು ಅವನಿಗೆ ಗೊತ್ತು. ಬಾರದವರನ್ನು ಕರೆತರಲು ಆಟೋ ಹೋಗುತ್ತದೆ. ಇಲ್ಲಿಯವರಿಗೆ ಸರ್ಕಾರದ ಹಂಗೂ ಹೆಚ್ಚು. ಮಳೆ ಕೈಕೊಟ್ಟ ವರ್ಷ ಕಡೂರಿನವರಿಗೆ ಕುಡಿಯುವ ನೀರಿನ ಚಿಂತೆ, ಅಜ್ಜಂಪುರದವರಿಗೆ ಈರುಳ್ಳಿಯ ಬೆಲೆಯ ಚಿಂತೆ, ತರೀಕೆರೆಯವರಿಗೆ ಅಡಿಕೆಯ ಚಿಂತೆ. ಭದ್ರಾ ಮೇಲ್ದಂಡೆಯ ನೀರು ಯಾವ ಕಡೆ, ಯಾವಾಗ ಹರಿಯುತ್ತದೆ ಎಂಬುದು ಇಲ್ಲಿ ಪತ್ರಿಕೆಯ ಸುದ್ದಿಯಲ್ಲ, ಮನೆಯ ಮಾತು. ನಲ್ಲಿ ತಿರುಗಿಸಿದರೆ ನೀರು ಬರುವವನು ಓಟನ್ನು ಮರೆತಾನು. ಟ್ಯಾಂಕರಿಗೆ ಕಾಯುವವನು ಮರೆಯಲಾರ.

ಇದರ ಜೊತೆಗೆ ಹೇಳಲು ಹಿತವಲ್ಲದ ಸಂಗತಿಯೂ ಇದೆ. ಹಿಂದಿನ ರಾತ್ರಿ ಮನೆ ಬಾಗಿಲಿಗೆ ಬರುವ ಲಕೋಟೆ, ಸೀರೆ, ಕುಕ್ಕರುಗಳ ವಿಷಯ ಯಾರಿಗೆ ಗೊತ್ತಿಲ್ಲ? ಕಾನೂನಿನಲ್ಲಿ ಕೊಟ್ಟವನದು ಮಾತ್ರವಲ್ಲ, ತೆಗೆದುಕೊಂಡವನದೂ ಅಪರಾಧವೇ. ಹಂಚುವವರು ಲೆಕ್ಕ ಹಾಕುವುದು ಹೇಗೆ ಗೊತ್ತೆ? 'ಅವರ ಮನೇಲಿ ಎಷ್ಟು ಓಟಿದೆ?' ಎಂದು. ಮನೆಗೆ ಇಷ್ಟು, ಕೇರಿಗೆ ಇಷ್ಟು, ಜಾತಿಗೆ ಇಷ್ಟು. ಆ ತಂದೆ ಸಂತೋಷದಿಂದ ಹೇಳಿದ 'ನಮ್ಮನೇದು ಐದು ಓಟು' ಎಂಬ ಮಾತನ್ನು ಇವರು ಬೇರೆ ಕಡೆಯಿಂದ ಎಣಿಸುತ್ತಾರೆ, ಅಷ್ಟೇ. ಮನೆಯ ಯಜಮಾನನನ್ನು ಹಿಡಿದರೆ ಐದೂ ಬಂದ ಹಾಗೆ ಎಂಬ ನಂಬಿಕೆ ಇರುವವರೆಗೆ ಈ ವ್ಯಾಪಾರ ನಡೆಯುತ್ತದೆ. ಐದು ಓಟು ಐದು ಮನಸ್ಸಿನದು ಎಂದಾದ ದಿನ ಹಂಚುವವನಿಗೇ ಅದು ನಷ್ಟದ ಬಾಬತ್ತು.

ಇಂಥವರ ಮಗಳು

1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಮೊದಲ ಸಲ ಸೇರಿದಾಗ 144 ಸದಸ್ಯರಿದ್ದರು. ಆಸ್ತಿಪಾಸ್ತಿ ಇದ್ದ ರೈತರು, ವರ್ತಕರು. ಅವರನ್ನು ಜನ ಆರಿಸಿರಲಿಲ್ಲ, ನಾಮಕರಣ ಮಾಡಲಾಗಿತ್ತು. ದೇಶದಲ್ಲಿ ಅಂಥ ಸಭೆ ಸೇರಿದ್ದೇ ಆಗ ದೊಡ್ಡ ಸಂಗತಿ. ಹೊಲವಿಲ್ಲದವನಿಗೆ, ಕೂಲಿಯವನಿಗೆ, ಹೆಂಗಸಿಗೆ ಅಲ್ಲಿ ಮಾತಿರಲಿಲ್ಲ. ಎಲ್ಲರಿಗೂ ಒಂದೊಂದು ಓಟು ಎಂಬುದು ಬಂದದ್ದು ಸಂವಿಧಾನದ ಜೊತೆಗೆ, 1951–52ರ ಮೊದಲ ಮಹಾಚುನಾವಣೆಯಲ್ಲಿ.

ಆ ಚುನಾವಣೆಗೆ ಪಟ್ಟಿ ಸಿದ್ಧಪಡಿಸುವಾಗ ಒಂದು ವಿಚಿತ್ರ ಸಮಸ್ಯೆ ಎದುರಾಯಿತು. ಉತ್ತರದ ಹಲವು ಪ್ರಾಂತ್ಯಗಳಲ್ಲಿ ಹೆಂಗಸರು ತಮ್ಮ ಹೆಸರು ಹೇಳಲು ಒಪ್ಪಲಿಲ್ಲ. 'ಇಂಥವರ ಹೆಂಡತಿ', 'ಇಂಥವರ ಮಗಳು', 'ಇಂಥವರ ತಾಯಿ' ಎಂದೇ ಬರೆಸಿದರು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಇದನ್ನು ಒಪ್ಪಲಿಲ್ಲ. ಮತದಾರಳಿಗೆ ತನ್ನದೇ ಹೆಸರಿರಬೇಕು ಎಂದರು. ಕೊನೆಗೂ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಕಠಿಣ ಕ್ರಮವೇ. ಆದರೆ ಅದರ ಅರ್ಥ ದೊಡ್ಡದು. ಓಟು ಇರುವುದು ಮನೆಗಲ್ಲ, ಗಂಡನ ಹೆಸರಿಗಲ್ಲ, ಅಪ್ಪನ ಹೆಸರಿಗಲ್ಲ. ಅದು ಅವಳದು.

ಅಜ್ಜಂಪುರದ ಆ ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಅಪ್ಪ ಹೇಳಿದ್ದಕ್ಕೇ ಹಾಕುವುದಾದರೆ ಅವಳ ಹೆಸರು ಪಟ್ಟಿಯಲ್ಲಿದ್ದೂ ಅದು 'ಇಂಥವರ ಮಗಳು' ಎಂದೇ ಬರೆದ ಹಾಗಾಯಿತು.

ಚುನಾವಣಾ ಕೆಲಸಕ್ಕೆ ಹೋಗಿದ್ದ ದಿನಗಳ ಒಂದು ನೆನಪು. ಆಗಿನ್ನೂ ಮತಪತ್ರ, ಕಬ್ಬಿಣದ ಪೆಟ್ಟಿಗೆ, ರಬ್ಬರ್ ಮುದ್ರೆಯ ಕಾಲ. ಒಬ್ಬಾತ ಹೆಂಡತಿಯ ಹಿಂದೆಯೇ ಮರೆಯೊಳಗೆ ಹೊರಟ. ತಡೆದಾಗ "ಅವಳಿಗೆ ಏನೂ ತಿಳಿಯಲ್ಲ ಸಾರ್, ಎಲ್ಲಿ ಒತ್ತಬೇಕು ಅಂತ ತೋರಿಸ್ತೀನಿ" ಎಂದ. ಕಣ್ಣು ಕಾಣದವರಿಗೆ, ಕೈಲಾಗದವರಿಗೆ ಜೊತೆಗಾರರನ್ನು ಬಿಡುವ ನಿಯಮವುಂಟು. ಈಕೆಗೆ ಎರಡೂ ಸರಿಯಾಗಿದ್ದವು. ನಾನು ಬಾಯಿ ತೆರೆಯುವ ಮೊದಲೇ ಆಕೆ ತಿರುಗಿ, "ನೀವು ಅಲ್ಲೇ ಇರಿ. ಮನೆ ಸಾಮಾನು ಲೆಕ್ಕ ನೋಡೋದು ನಾನಲ್ವಾ? ಇದೂ ಗೊತ್ತಾಗತ್ತೆ" ಎಂದು ಒಳಗೆ ಹೋದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಗಂಡನೂ ನಕ್ಕ. ಆ ಮರೆ ಇರುವುದೇ ಇದಕ್ಕೆ. ಯಾರಿಗೆ ಮತ ಹಾಕಿದೆ ಎಂದು ಹೇಳುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ ಎಂದು 1951ರ ಪ್ರಜಾಪ್ರತಿನಿಧಿ ಕಾಯ್ದೆ ಹೇಳುತ್ತದೆ. ನ್ಯಾಯಾಲಯದಲ್ಲಿ ಸಾಕ್ಷಿಗೂ ಆ ರಕ್ಷಣೆಯಿದೆ. ಊಟದ ಹೊತ್ತಿನಲ್ಲಿ ಮಗಳಿಗೆ ಬೇಡವೆ?

ತಂದೆತಾಯಿಯರು ಸುಮ್ಮನಿರಬೇಕು ಎಂದು ನಾನು ಹೇಳುತ್ತಿಲ್ಲ. ಚರ್ಚೆ ಮಾಡಿ, ಜಗಳವನ್ನೂ ಆಡಿ. ನೀವು ಯಾರಿಗೆ, ಯಾಕೆ ಹಾಕುತ್ತೀರಿ ಎಂದು ಹೇಳಿ. 'ಯಾಕೆ' ಎನ್ನುವುದನ್ನು ಹೇಳಲು ಹೊರಟಾಗಲೇ ಎಷ್ಟೋ ಸಲ ನಮಗೇ ಕಾರಣ ತೋಚುವುದಿಲ್ಲ. ಮಗನಿಗೆ ಯಾವ ಕೋರ್ಸು ಎಂದು ಹತ್ತು ಜನರನ್ನು ಕೇಳುತ್ತೀರಿ, ಮಗಳ ಮದುವೆಗೆ ನೂರು ಸಲ ಯೋಚಿಸುತ್ತೀರಿ. ಅವರನ್ನು ಐದು ವರ್ಷ ಆಳುವವರ ವಿಷಯದಲ್ಲಿ 'ನಾನು ಹೇಳಿದ ಹಾಗೆ ಮಾಡು' ಎಂದರೆ ಸಾಕೆ? ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ ಸಂವಿಧಾನ ತಿದ್ದುಪಡಿ 1989ರಲ್ಲಿ ಜಾರಿಗೆ ಬಂತು. ಹದಿನೆಂಟರ ಮಕ್ಕಳಿಗೆ ಸ್ವಂತ ಬುದ್ಧಿಯಿದೆ ಎಂದು ದೇಶ ಒಪ್ಪಿ ಮೂರು ದಶಕಗಳು ಕಳೆದಿವೆ. ಮನೆಯಲ್ಲಿ ಒಪ್ಪುವುದು ತಡವಾಗುತ್ತಿದೆ.

ಹೆಸರು ಎಲ್ಲಿರಬೇಕು?

ಇನ್ನು ವಿದ್ಯಾರ್ಥಿಗಳು ಮಾಡಬೇಕಾದ ಕೆಲಸ. 18 ತುಂಬಿದವರು ನಮೂನೆ 6ನ್ನು ತುಂಬಿ ಹೆಸರು ಸೇರಿಸಬಹುದು. ಮೊದಲು ಜನವರಿ 1ರ ಲೆಕ್ಕ ಒಂದೇ ಇತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಒಂದನೆಯ ತಾರೀಖು, ಹೀಗೆ ನಾಲ್ಕು ದಿನಾಂಕಗಳಿವೆ. 17 ತುಂಬಿದ ಮೇಲೆ ಮುಂಗಡವಾಗಿಯೇ ಅರ್ಜಿ ಕೊಡಬಹುದು. ಎರಡನೆಯ ಪಿಯುಸಿಯಲ್ಲಿ ಇರುವಾಗಲೇ ಈ ಕೆಲಸ ಮುಗಿಸಬಹುದು ಎಂದಾಯಿತು.

ಊರು ಬಿಟ್ಟು ಹಾಸ್ಟೆಲಿನಲ್ಲೋ ರೂಮಿನಲ್ಲೋ ಇದ್ದು ಓದುವವರಿಗೆ ಆಯ್ಕೆಯಿದೆ. ಮಾನ್ಯತೆ ಪಡೆದ, ಕನಿಷ್ಠ ಒಂದು ವರ್ಷದ ಕೋರ್ಸಾಗಿದ್ದರೆ, ಓದುವ ಊರಿನ ವಿಳಾಸದಲ್ಲಾದರೂ ಹೆಸರು ಸೇರಿಸಬಹುದು, ತಂದೆತಾಯಿಯರ ಜೊತೆ ಸ್ವಂತ ಊರಿನಲ್ಲಾದರೂ ಇಟ್ಟುಕೊಳ್ಳಬಹುದು. ಎರಡರಲ್ಲಿ ಒಂದು ಮಾತ್ರ. ಎರಡು ಕಡೆ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಸುಳ್ಳು ಘೋಷಣೆ ಕೊಟ್ಟರೆ ಶಿಕ್ಷೆಯೂ ಇದೆ. ಓದು ಮುಗಿಸಿ ಕೆಲಸ ಹಿಡಿದು ಬೇರೆ ಕಡೆ ನೆಲೆಸಿದಾಗ ನಮೂನೆ 8ರಲ್ಲಿ ವಿಳಾಸ ಬದಲಿಸಿಕೊಳ್ಳಬೇಕು.

ಎಲ್ಲಿಡುವುದು ಒಳ್ಳೆಯದು? ಇದಕ್ಕೆ ನನ್ನ ಉತ್ತರ ಒಂದು ಪ್ರಶ್ನೆ. ಯಾವ ಊರಿನ ರಸ್ತೆ, ನೀರು, ಬಸ್ಸು, ಶಾಲೆ ಕೆಟ್ಟರೆ ನಿಮಗೆ ಸಿಟ್ಟು ಬರುತ್ತದೆ? ಹೆಸರು ಅಲ್ಲಿರಲಿ. ಊರಿನಲ್ಲೇ ಎಂದಾದರೆ ಗ್ರಾಮ ಪಂಚಾಯಿತಿಯ ಚುನಾವಣೆಗೂ ಬನ್ನಿ. ನಮ್ಮ ರಾಜ್ಯದಲ್ಲಿ ಅದಕ್ಕೆ ಪಕ್ಷದ ಚಿಹ್ನೆಯಿಲ್ಲ. ಮನುಷ್ಯನನ್ನೇ ನೋಡಿ ಹಾಕಬೇಕು. 21 ತುಂಬಿದರೆ ಅಲ್ಲಿ ನೀವೇ ನಿಲ್ಲಲೂಬಹುದು.

ಆ ಭಾನುವಾರ ಸಂಜೆ ನಮ್ಮ ಮನೆಗೆ ಬಂದಿದ್ದ ಹುಡುಗನೊಬ್ಬನನ್ನು ಬೆಂಗಳೂರಿನ ರೈಲು ಹತ್ತಿಸಲು ಬೀರೂರು ನಿಲ್ದಾಣಕ್ಕೆ ಹೋಗಿದ್ದೆ. ಆ ತಂದೆ ಮಗಳು ಪ್ಲಾಟ್‌ಫಾರಂನ ಕಲ್ಲುಬೆಂಚಿನ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಮಾವಿನಕಾಯಿಯ ಚೀಲ. ಹುಡುಗಿ ನನ್ನನ್ನು ಗುರುತು ಹಿಡಿದು ಎಡಗೈಯ ತೋರುಬೆರಳು ಎತ್ತಿ ತೋರಿಸಿದಳು. ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ ತಯಾರಾಗಿ 1962ರಿಂದ ದೇಶದ ಚುನಾವಣೆಗಳಿಗೆಲ್ಲ ಹೋಗುತ್ತಿರುವ ಆ ಶಾಯಿ ಅವಳ ಉಗುರಿನ ಮೇಲೆ ಕಪ್ಪಾಗಿ ಕುಳಿತಿತ್ತು.

ರೈಲು ಬರುವ ಮೊದಲು ತಂದೆ ನೀರಿನ ಬಾಟಲಿ ತರಲು ಎದ್ದು ಹೋದರು. "ಆಮೇಲೇನಾಯ್ತಮ್ಮ?" ಎಂದು ಕೇಳಿದೆ.

"ಬೂತಿಂದ ಬಂದ ಮೇಲೆ ಅಪ್ಪ ಕೇಳಿದ್ರು ಸಾರ್, ಹಾಕಿದ್ಯಾ ಅಂತ. ಹಾಕಿದೆ ಅಂದೆ."

"ಯಾರಿಗೆ ಅಂತ ಕೇಳ್ಲಿಲ್ವಾ?"

"ಕೇಳ್ತಾರೆ ಅಂತ ಕಾಯ್ತಿದ್ದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದ್ರು. ಆಮೇಲೆ, ಸರಿ, ಕೈ ತೊಳ್ಕೊಂಡು ಬಾ, ಊಟ ಮಾಡೋಣ ಅಂದ್ರು."